ಚಷ್ಮಾ ಅಂಗಡಿಯ ದುರ್ಬೀನು

ಆಕಾಶ ನೋಡಲು ಹೋದವನಿಗೆ ಆಕಾಶಕ್ಕಿಂತ ನೆಲದ ಮೇಲೆಯೇ ಹೆಚ್ಚು ವಿಚಿತ್ರಗಳು ಕಾಣುತ್ತವೆ. ಪ್ರತಿ ಸಲವೂ ‘ಈ ಸಲ ಸುಮ್ಮನೆ ಹೋಗಿ, ನೋಡಿ, ಸುಮ್ಮನೆ ಬಂದುಬಿಡಬೇಕು’ ಎಂದುಕೊಂಡೇ ದುರ್ಬೀನು ಹೊರುತ್ತೇನೆ. ಪ್ರತಿ ಸಲವೂ ಏನಾದರೊಂದು ಆಗಿಯೇ ತೀರುತ್ತದೆ.

ಹೊಸಪೇಟೆ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯ ದೂರದಲ್ಲಿ ನನ್ನದೊಂದು ಚಷ್ಮಾ ಅಂಗಡಿ. ಇಪ್ಪತ್ತೈದು ವರ್ಷದಿಂದ ಊರಿನವರ ಕಣ್ಣು ನೋಡಿ ನಂಬರ್ ಕೊಡುತ್ತ ಬಂದಿದ್ದೇನೆ. ದುರ್ಬೀನಿನ ಹುಚ್ಚು ಹತ್ತಿದ್ದು ಹಂಪಿಯಲ್ಲಿ. ಅಲ್ಲಿಯ ಗೆಸ್ಟ್‌ಹೌಸ್ ಒಂದರಲ್ಲಿ ತಿಂಗಳುಗಟ್ಟಲೆ ಇದ್ದ ಪರದೇಶದವನೊಬ್ಬ ಊರಿಗೆ ಹೋಗುವಾಗ ಹೊರಲಾರದೆ ತನ್ನ ದುರ್ಬೀನು ಬಿಟ್ಟುಹೋಗಿದ್ದ. ಗೆಸ್ಟ್‌ಹೌಸಿನವರು ಅದರ ಮೂರು ಕಾಲಿನ ಸ್ಟ್ಯಾಂಡಿಗೆ ಬಾಳೆಗೊನೆ ನೇತುಹಾಕಿದ್ದರು, ಕೊಳವೆಯೊಳಗೆ ಊದುಬತ್ತಿ ಪೊಟ್ಟಣ ಇಟ್ಟಿದ್ದರು. ಗಾಜಿನಿಂದಲೇ ಅನ್ನ ತಿನ್ನುವ ನನಗೆ ಆ ಅವಮಾನ ನೋಡಲಾಗಲಿಲ್ಲ. ಕೇಳಿ ತಂದು, ಒರೆಸಿ, ಅಂಗಡಿಯ ಕಿಟಕಿಯ ಪಕ್ಕ ನಿಲ್ಲಿಸಿದೆ.

ನನ್ನ ಕಣ್ಣಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಪ್ರತಿ ಯುಗಾದಿಗೆ ಅಂಗಡಿಯ ಪೂಜೆ ಮುಗಿಸಿ, ನನ್ನ ಕಣ್ಣನ್ನು ನಾನೇ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಗೋಡೆಯ ಮೇಲಿನ ಅಕ್ಷರದ ಬೋರ್ಡನ್ನು ಮೇಲಿನ ದೊಡ್ಡ ಅಕ್ಷರದಿಂದ ಹಿಡಿದು ಕೊನೆಯ ಇರುವೆ ಸಾಲಿನವರೆಗೆ ಒಂದು ಸಲವೂ ತಡವರಿಸದೆ ಓದುತ್ತೇನೆ. ಐವತ್ತೆಂಟರಲ್ಲಿ ಇಂಥ ಕಣ್ಣು ಇರಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೆಂಡತಿಗೆ ಹೇಳುತ್ತೇನೆ. ಅವಳು ‘ಹೂಂ’ ಅನ್ನುತ್ತಾಳೆ.

ಈ ಪ್ರಸಂಗಗಳೆಲ್ಲ ಕಡೆಗೆ ಹೋಗಿ ಸೇರುವುದು ಕಂಪ್ಲಿಯಲ್ಲಿರುವ ನನ್ನ ಮಾವನವರ ಕಣ್ಣಿಗೆ. ಅವರಿಗೆ ಆಪರೇಶನ್ ಮಾಡಿಸಲು ನಾನು ಸಾಕ್ಷಾತ್ ಶನಿಯ ಆಸೆಯನ್ನೇ ತೋರಿಸಬೇಕಾಯಿತು. ಆದರೆ ಮೊದಲಿನಿಂದ ಹೇಳಬೇಕು.

೧. ರೂಢಿ ಆಗ್ತೈತಿ

ದುರ್ಬೀನು ಅಂಗಡಿಗೆ ಬಂದ ಹೊಸತು. ಎಮ್ಮಿಗನೂರಿನ ಕಡೆಯ ಗೌಡರೊಬ್ಬರು ಕಣ್ಣು ತೋರಿಸಲು ಬಂದರು. ಕಬ್ಬು, ಭತ್ತ ಎರಡೂ ಬೆಳೆಯುವವರು. ಹಿಂದಿನ ವರ್ಷ ಅವರಿಗೆ ಎರಡು ನಂಬರಿನ ಚಷ್ಮಾ ಕೊಟ್ಟಿದ್ದೆ. ಮೇಲಿನ ಭಾಗದಲ್ಲಿ ದೂರದ್ದು, ಕೆಳಗಿನ ಭಾಗದಲ್ಲಿ ಓದುವುದು. ಮೆಟ್ಟಿಲು ಇಳಿಯುವಾಗ ನೆಲ ಮೇಲೆದ್ದು ಬರುತ್ತದೆ ಎಂದು ದೂರಿದಾಗ, ನಮ್ಮ ಕಸುಬಿನವರೆಲ್ಲ ಹೇಳುವಂತೆ ನಾನೂ ‘ಒಂದು ವಾರ ಹಾಕ್ಕೊಳ್ರಿ, ರೂಢಿ ಆಗ್ತೈತಿ’ ಎಂದಿದ್ದೆ.

ನಾನು ಒಳಗೆ ಹೋಗಿ ಪರೀಕ್ಷೆಯ ಗಾಜುಗಳ ಟ್ರೇ ತರುವಷ್ಟರಲ್ಲಿ ಗೌಡರು ದುರ್ಬೀನಿಗೆ ಕಣ್ಣು ಹಚ್ಚಿ ಕೂತುಬಿಟ್ಟಿದ್ದರು. ಅದು ಜೋಳದರಾಶಿ ಗುಡ್ಡದ ಕಡೆಗೆ ತಿರುಗಿತ್ತು.

“ಇದು ಮಸ್ತ್ ಐತ್ರಿ!” ಎಂದರು. “ಗುಡ್ಡದ ಮ್ಯಾಲಿನ ಆಡಿನ ಗಡ್ಡ ಕಾಣಾಕತ್ತೈತಿ. ಇದ ನಂಬರ್ ಹಾಕಿ ಕೊಡ್ರಿ ನನಗ.”

“ಗೌಡ್ರೇ, ಅದು ಕಣ್ಣು ನೋಡೋ ಮಷೀನ್ ಅಲ್ರಿ. ಚುಕ್ಕಿ ನೋಡೋದು. ಅದರಾಗ ಎಲ್ಲಾ ತಲೆಕೆಳಗ ಕಾಣ್ತೈತಿ, ನೋಡಿಲ್ಲೇನು?”

ಗೌಡರು ಮತ್ತೊಮ್ಮೆ ಬಗ್ಗಿ ನೋಡಿದರು. ಹೌದು, ಆಡುಗಳು ಕಾಲು ಮೇಲೆ ಮಾಡಿಕೊಂಡು ಮೇಯುತ್ತಿದ್ದವು, ಆಕಾಶ ಕೆಳಗಿತ್ತು. ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ.

“ಇರ್ಲಿ ಬಿಡ್ರಿ. ಒಂದು ವಾರದಾಗ ರೂಢಿ ಆಗ್ತೈತಿ.”

೨. ನಿಂತ ಒನಕೆ

ಕೆಲವು ವರ್ಷಗಳ ಹಿಂದೆ ದೀಪಾವಳಿಯ ನಡುವೆಯೇ ಸೂರ್ಯಗ್ರಹಣ ಬಂತಲ್ಲ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ, ಆವತ್ತಿನ ಮಾತು. ನಮ್ಮ ಓಣಿಯವರಿಗೆ ಗ್ರಹಣ ತೋರಿಸಿಯೇ ಬಿಡಬೇಕೆಂದು ಹಟ ತೊಟ್ಟಿದ್ದೆ. ದುರ್ಬೀನಿನಿಂದ ಸೂರ್ಯನ ಬಿಂಬವನ್ನು ಬಿಳಿಯ ರಟ್ಟಿನ ಮೇಲೆ ಬೀಳಿಸಿದರೆ ಯಾರ ಕಣ್ಣಿಗೂ ಅಪಾಯವಿಲ್ಲ. ಮಹಡಿಯ ಮೇಲೆ ಎಲ್ಲ ಸಿದ್ಧ ಮಾಡಿಕೊಂಡು, ಕೆಳಗೆ ಬಗ್ಗಿ ‘ಬರ್ರಿ, ಬರ್ರಿ’ ಎಂದು ಕೂಗಿದೆ.

ಒಬ್ಬರೂ ಬರಲಿಲ್ಲ. ಇಡೀ ಓಣಿ ಪಕ್ಕದ ಮನೆಯ ಅಜ್ಜಿಯ ಅಂಗಳದಲ್ಲಿ ನೆರೆದಿತ್ತು. ಅಜ್ಜಿ ಹಿತ್ತಾಳೆ ಪರಾತದಲ್ಲಿ ಅರಿಶಿನದ ನೀರು ಹಾಕಿ, ಅದರ ನಡುವೆ ಒನಕೆ ನಿಲ್ಲಿಸಿದ್ದರು. ಯಾರೂ ಹಿಡಿದಿಲ್ಲದ ಒನಕೆ ಕಂಬದ ಹಾಗೆ ನಿಂತಿತ್ತು. ಗ್ರಹಣ ಹಿಡಿದಾಗ ಮಾತ್ರ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಹುಡುಗರು ಒನಕೆಗೆ ಚಪ್ಪಾಳೆ ಹೊಡೆಯುತ್ತಿದ್ದರು. ಮೇಲೆ ನನ್ನ ಬಿಳಿ ರಟ್ಟಿನ ಮೇಲೆ ಸೂರ್ಯ ಒಬ್ಬನೇ ಕಚ್ಚಿಸಿಕೊಂಡು ಕೂತಿದ್ದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒನಕೆಯ ಬುಡ ಸಪಾಟಾಗಿದ್ದರೆ ಅದು ಯಾವತ್ತು ಬೇಕಾದರೂ ನಿಲ್ಲುತ್ತದೆ, ಅದಕ್ಕೆ ಗ್ರಹಣವೇ ಬೇಕಿಲ್ಲ. ಮುಂದಿನ ವಾರ ಯಾವ ಹಬ್ಬವೂ ಇಲ್ಲದ ಒಂದು ಮಂಗಳವಾರ ಅದೇ ಒನಕೆ, ಅದೇ ಪರಾತ ಕೇಳಿ ತಂದೆ. ನಿಲ್ಲಿಸಲು ಒಂದು ತಾಸು ಹಿಡಿಯಿತು, ಎರಡು ಸಲ ಕಾಲ ಮೇಲೆ ಬಿತ್ತು. ಕೊನೆಗೆ ನಿಂತಿತು! ಕುಂಟುತ್ತ ಓಡಿಹೋಗಿ ಅಜ್ಜಿಯನ್ನು ಕರೆತಂದೆ.

“ನೋಡಬೇ ಅಜ್ಜಿ, ಇವತ್ತು ಯಾವ ಗ್ರಹಣ ಐತಿ?”

ಅಜ್ಜಿ ಒನಕೆಯ ಸುತ್ತ ಒಂದು ಸುತ್ತು ಬಂದು ಶಾಂತವಾಗಿ ಹೇಳಿದರು: “ಎಲ್ಲೋ ಹಿಡದೈತಿ ತಮ್ಮಾ. ನೀನ ಹೇಳಿದ್ದಿಲ್ಲೇನು, ನಮ್ಮೂರಾಗ ಕಾಣದಿದ್ರೂ ಬ್ಯಾರೆ ದೇಶದಾಗ ಗ್ರಹಣ ಆಗ್ತಿರ್ತಾವು ಅಂತ? ನಿನ್ನ ದುರ್ಬೀನಿಗೆ ಈ ಊರಿಂದಷ್ಟ ಗೊತ್ತಾಗ್ತೈತಿ. ಒನಕಿಗೆ ಎಲ್ಲಾ ದೇಶದ್ದೂ ಗೊತ್ತಾಗ್ತೈತಿ.”

೩. ನೆರಳಿಲ್ಲದ ಹೊತ್ತು

ವರ್ಷದಲ್ಲಿ ಎರಡು ದಿನ ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ನಿಲ್ಲಿಸಿದ ಕೋಲಿನ ನೆರಳು ಕೋಲಿನ ಕಾಲಡಿಯಲ್ಲೇ ಅಡಗುತ್ತದೆ. ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಒಂದು ಬರುವುದು ಮೇ ತಿಂಗಳ ಆರಂಭದಲ್ಲಿ, ಹಂಪಿಯ ಬಂಡೆಗಳ ಮೇಲೆ ಹಪ್ಪಳ ಸುಡಬಹುದಾದ ಬಿಸಿಲಿನಲ್ಲಿ.

ಹಂಪಿಯಲ್ಲಿ ನನ್ನ ಗೆಳೆಯನೊಬ್ಬ ಗೈಡ್. ಅವನಿಗೆ ಹಿಂದಿನ ದಿನವೇ ಫೋನ್ ಮಾಡಿ ವಿಷಯ ತಿಳಿಸಿ, ಮರುದಿನ ಸ್ಕೂಟರ್ ಹತ್ತಿ ಹೋದೆ. ಒಂದು ಒಂಟಿ ಕಲ್ಲುಕಂಬದ ಹತ್ತಿರ ಅವನು ಆಗಲೇ ಇಪ್ಪತ್ತು ಜನ ಪ್ರವಾಸಿಗರನ್ನು ಸೇರಿಸಿಕೊಂಡಿದ್ದ. ಹನ್ನೆರಡೂ ಇಪ್ಪತ್ತರ ಸುಮಾರಿಗೆ ಕಂಬದ ನೆರಳು ಕರಗುತ್ತ ಕರಗುತ್ತ ಇಲ್ಲವಾಯಿತು. ಜನ ‘ಓಹೋ’ ಎಂದರು.

ಗೈಡ್ ಗಂಟಲು ಸರಿಪಡಿಸಿಕೊಂಡ. “ನೋಡ್ರಿ, ಆಗಿನ ಕಾಲದ ಶಿಲ್ಪಿಗಳ ಕೈಚಳಕ ಎಂಥಾದ್ದಿತ್ತು! ಈ ಒಂದು ಕಂಬ ಅಷ್ಟ, ನೆರಳು ಬೀಳದಂಗ ಲೆಕ್ಕ ಹಾಕಿ ನಿಲ್ಲಿಸ್ಯಾರ.”

ನನಗೆ ಸುಮ್ಮನಿರಲಾಗಲಿಲ್ಲ. ವಿಜ್ಞಾನವನ್ನು ಹೀಗೆ ಕಣ್ಣೆದುರಿಗೇ ಕೆಡಿಸಿದರೆ ಯಾರು ಸಹಿಸುತ್ತಾರೆ? ಮುಂದೆ ಹೋಗಿ, “ಲೇ, ಕಂಬಕ್ಕಷ್ಟ ಅಲ್ಲ, ಎಲ್ಲಾದಕ್ಕೂ ಇದ ಗತಿ” ಎಂದೆ. “ಅಲ್ಲಿ ನನ್ನ ಸ್ಕೂಟರ್ ನೋಡು. ಅದರ ಹ್ಯಾಂಡಲ್ ನೆರಳು ಬಾಜೂಕ ಬಿದ್ದೈತೇನು? ಇಲ್ಲ! ಹಂಗಾರ ನನ್ನ ಸ್ಕೂಟರನ್ನೂ ಆ ಶಿಲ್ಪಿಗಳ ಮಾಡ್ಯಾರೇನು?”

ಇಪ್ಪತ್ತೂ ಜನ ತಿರುಗಿ ನನ್ನ ಸ್ಕೂಟರ್ ನೋಡಿದರು. ಬಣ್ಣ ಹೋಗಿ, ಒಂದು ಬದಿ ನೆಗ್ಗಿ, ಸೀಟಿಗೆ ಗೋಣಿಚೀಲ ಕಟ್ಟಿಕೊಂಡು ಅದು ಬಂಡೆಗೆ ಒರಗಿ ನಿಂತಿತ್ತು.

ಗೈಡ್ ತಣ್ಣಗೆ ಹೇಳಿದ: “ನೋಡಿದ್ರ ಹಂಗ ಅನಿಸ್ತೈತ್ರಿ.”

೪. ಎಲ್ಲಕ್ಕೂ ಬಾಲ

ಈಗ ಮಾವನವರ ವಿಷಯಕ್ಕೆ ಬಂದೆ. ಕಂಪ್ಲಿಯಲ್ಲಿ ಅವರ ರೈಸ್ ಮಿಲ್ಲಿದೆ. ನಲವತ್ತು ವರ್ಷ ಅವರು ಅಕ್ಕಿಯನ್ನು ಕಣ್ಣಿನಿಂದಲೇ ಅಳೆದವರು. ಯಂತ್ರದಿಂದ ಬೀಳುವ ಅಕ್ಕಿ ಒಂದು ಚಿಟಿಕೆ ಎಡಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಹರಡಿ, ಒಂದು ಸಲ ನೋಡಿದರೆ ಮುಗಿಯಿತು. ಎಷ್ಟು ನುಚ್ಚಿದೆ, ತೌಡು ಪೂರ್ತಿ ಹೋಗಿದೆಯೋ ಇಲ್ಲವೋ, ಪಾಲಿಶ್ ಇನ್ನೊಂದು ಸುತ್ತು ಬೇಕೋ, ಎಲ್ಲ ಹೇಳಿಬಿಡುತ್ತಿದ್ದರು. ಅವರು ‘ಹೋಗ್ಲಿ’ ಎಂದ ಅಕ್ಕಿಯನ್ನು ಯಾವ ವ್ಯಾಪಾರಿಯೂ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ.

ಹಿಂದಿನ ವರ್ಷ ದಸರಾ ಮುಗಿದ ಮೇಲೆ ಒಂದು ಧೂಮಕೇತು ಸಂಜೆಯ ಪಡುವಣದಲ್ಲಿ ಕಾಣಿಸಿಕೊಂಡಿತ್ತಲ್ಲ, ಆಗ ನಾನೂ ಹೆಂಡತಿಯೂ ಕಂಪ್ಲಿಗೆ ಹೋಗಿದ್ದೆವು. ಮಿಲ್ಲಿನ ಮಹಡಿ ಹತ್ತಿದರೆ ಗದ್ದೆಬಯಲಿನ ಕೊನೆಯವರೆಗೆ ಆಕಾಶ ಬಿಚ್ಚಿಕೊಳ್ಳುತ್ತದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಹೆಂಡತಿ ಬರಿಗಣ್ಣಿನಿಂದಲೇ “ರೀ, ಅಲ್ಲೈತಿ ನೋಡ್ರಿ, ಬೆರಳಿಲೆ ವಿಭೂತಿ ಎಳದಂಗ!” ಎಂದಳು. ಅವಳು ತೋರಿಸಿದ ಕಡೆ ನನಗೆ ಮಬ್ಬು ಬಿಟ್ಟು ಮತ್ತೇನೂ ಕಾಣಲಿಲ್ಲ. ಯಾರೋ ಗದ್ದೆಯಲ್ಲಿ ಕಸ ಸುಟ್ಟ ಹೊಗೆ ಅಡ್ಡ ಬಂದಿರಬೇಕು. ದುರ್ಬೀನಿನ ಗಾಜು ಒರೆಸುತ್ತ ಕೂತೆ.

ಅಷ್ಟರಲ್ಲಿ ಮಾವನವರು ಮಹಡಿ ಹತ್ತಿ ಬಂದರು. “ಎಲ್ಲೈತಿ ಬಾಲದ ಚುಕ್ಕಿ?” ಎಂದವರೇ, ನಾನು ತೋರಿಸುವ ಮೊದಲೇ, “ಕಂಡೆ, ಕಂಡೆ! ಎಷ್ಟುದ್ದ ಬಾಲ!” ಎಂದರು.

ಅವರು ತೋರಿಸಿದ್ದು ಶುಕ್ರನನ್ನು.

“ಮಾವಾರೆ, ಅದು ಶುಕ್ರರೀ. ಅದಕ್ಕ ಬಾಲ ಇರಂಗಿಲ್ಲ.”

“ಐತಲ್ರೀ. ಮ್ಯಾಲೊಂದು, ಕೆಳಗೊಂದು. ಆತು, ಅದು ಬ್ಯಾಡ ಅಂದ್ರ ಅಗೋ ಅಲ್ಲಿ ನೋಡ್ರಿ, ಇನ್ನೊಂದು. ಅದಕ್ಕೂ ಬಾಲ ಐತಿ.” ಅದು ಎದುರಿನ ಮಿಲ್ಲಿನ ಗೇಟಿನ ಬಲ್ಬು. ಹೀಗೆ ಒಟ್ಟು ಏಳು ಬಾಲದ ಚುಕ್ಕಿಗಳನ್ನು ಎಣಿಸಿದರು. ಏಳನೆಯದು ಹಾರ್ನ್ ಹೊಡೆಯುತ್ತ ಎಮ್ಮಿಗನೂರಿನ ರಸ್ತೆಗೆ ತಿರುಗಿಕೊಂಡಿತು.

ಬೆಳಕಿಗೆಲ್ಲ ಬಾಲ ಮೂಡುತ್ತಿದೆ ಎಂದರೆ ಕಣ್ಣಿಗೆ ಪೊರೆ ಬಂದಿದೆ ಎಂದು ನನ್ನ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಳಗಿಳಿಯುವಾಗ ಹೆಂಡತಿ ಮೆಲ್ಲಗೆ ಇನ್ನೊಂದು ವಿಷಯ ಹೇಳಿದಳು. ಆ ತಿಂಗಳು ಮಿಲ್ಲಿನಿಂದ ಹೋದ ಒಂದು ಲೋಡ್ ಅಕ್ಕಿ ನುಚ್ಚು ಹೆಚ್ಚಾಯಿತೆಂದು ವಾಪಸು ಬಂದಿತ್ತು. ನಲವತ್ತು ವರ್ಷದಲ್ಲಿ ಅದೇ ಮೊದಲು. ಮಾವನವರು ಆವತ್ತು ಊಟ ಮಾಡಲಿಲ್ಲವಂತೆ. ಮಿಲ್ಲಿನಲ್ಲಿ ಬೆಳಕು ಸಾಲದು ಎಂದು ನಾಲ್ಕು ಹೊಸ ಟ್ಯೂಬ್‌ಲೈಟ್ ಹಾಕಿಸಿದರಂತೆ. ಅಂಗೈಯಲ್ಲಿನ ಅಕ್ಕಿ ಕಾಣದಿದ್ದರೆ ಆ ಮನುಷ್ಯನ ಪಾಲಿಗೆ ಮಿಲ್ಲು ಇದ್ದೂ ಇಲ್ಲದಂತೆ.

ಊಟಕ್ಕೆ ಕೂತಾಗ ನೇರವಾಗಿ ಹೇಳಿದೆ: “ಮಾವಾರೆ, ನಿಮ್ಮ ಕಣ್ಣಿಗೆ ಪೊರಿ ಬಂದೈತ್ರಿ. ಆಪರೇಶನ್ ಮಾಡಸಬೇಕು.”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ಅಳಿಯಂದ್ರೆ, ಬಾಲದ ಚುಕ್ಕಿ ನನಗ ಏಳು ಕಂಡಾವು. ನಿಮಗ ಒಂದೂ ಕಾಣಲಿಲ್ಲ. ಆಪರೇಶನ್ ಯಾರಿಗೆ ಬೇಕು, ನೀವ ಹೇಳ್ರಿ.”

೫. ಇಬ್ಬರು ಗೈರು

ಅದಾಗಿ ಮೂರು ತಿಂಗಳಿಗೆ, ಒಂದೇ ಸಂಜೆ ಆರು ಗ್ರಹಗಳು ಆಕಾಶದಲ್ಲಿ ಸಾಲುಗೂಡುತ್ತವೆ ಎಂಬ ಸುದ್ದಿ ಎಲ್ಲರ ಫೋನಿಗೂ ಬಂತು. ಜೊತೆಗೆ ಒಂದು ಚಿತ್ರ. ಅದರಲ್ಲಿ ಗ್ರಹಗಳು ಒಂದಕ್ಕೊಂದು ತಾಗಿಕೊಂಡು ಅಂಗಡಿಯ ಲಾಡುಗಳಂತೆ ಕೂತಿದ್ದವು. ಸಂಡೂರಿನ ಶಾಲೆಯೊಂದರ ಹೆಡ್‌ಮಾಸ್ತರು ನನಗೆ ಫೋನ್ ಮಾಡಿ ದುರ್ಬೀನು ಸಮೇತ ಕರೆಸಿಕೊಂಡರು. ಮೈದಾನದಲ್ಲಿ ಮಕ್ಕಳು, ಪಾಲಕರು, ಅದಿರಿನ ಲಾರಿ ರಸ್ತೆಯ ಬದಿಗೆ ಹಚ್ಚಿ ಇಳಿದುಬಂದ ಇಬ್ಬರು ಡ್ರೈವರುಗಳು.

ಪಡುವಣದಲ್ಲಿ ಶುಕ್ರ, ಅದರ ಕೆಳಗೆ ಶನಿ, ನೆತ್ತಿಯ ಹತ್ತಿರ ಗುರು, ಮೂಡಣದಲ್ಲಿ ಮಂಗಳ. ಬೆರಳು ಮಾಡಿ ತೋರಿಸಿದೆ. ಒಬ್ಬ ಡ್ರೈವರ್ ಕತ್ತು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ ನೋಡಿ ಬೇಸರಪಟ್ಟುಕೊಂಡ. “ಇದಕ್ಕ ಸಾಲು ಅಂತಾರೇನ್ರಿ? ಇಷ್ಟು ಗ್ಯಾಪ್ ಬಿಟ್ಟು ನಾವು ಲಾರಿ ನಿಲ್ಲಿಸಿದ್ರ ನಡುವ ಊರಿನವರೆಲ್ಲಾ ನುಗ್ಗಿಬಿಡ್ತಾರ.”

ಹೆಡ್‌ಮಾಸ್ತರು ಶಿಸ್ತಿನ ಮನುಷ್ಯ. ಒಂದು ಹಾಳೆಯಲ್ಲಿ ಆರೂ ಗ್ರಹಗಳ ಹೆಸರು ಬರೆದುಕೊಂಡು ಬಂದಿದ್ದರು. ಶಾಲೆಯ ರೂಢಿಯಂತೆ ಹಾಜರಿ ಕೂಗಿದರು. “ಶುಕ್ರ?” ಮಕ್ಕಳು ಆಕಾಶಕ್ಕೆ ಕೈ ತೋರಿಸಿ “ಹಾಜರ್ ಸಾರ್!” ಎಂದರು. “ಗುರು?” “ಹಾಜರ್ ಸಾರ್!” ನಾಲ್ಕು ಆದ ಮೇಲೆ ಅವರು ನನ್ನ ಕಡೆ ತಿರುಗಿದರು. “ಯುರೇನಸ್?”

ಯುರೇನಸ್ಸೂ ನೆಪ್ಚೂನೂ ಬರಿಗಣ್ಣಿಗೆ ಸಿಗುವಂಥವಲ್ಲ, ದುರ್ಬೀನಿನಲ್ಲೇ ಹುಡುಕಬೇಕು. ಹುಡುಕಿದೆ. ಅರ್ಧ ತಾಸು ಹುಡುಕಿದೆ. ಹಿಂದಿನ ವರ್ಷಗಳಲ್ಲಿ ಐದು ನಿಮಿಷಕ್ಕೆ ಸಿಗುತ್ತಿದ್ದ ಯುರೇನಸ್ ಆವತ್ತು ಏನು ಮಾಡಿದರೂ ಸಿಗಲಿಲ್ಲ. ಸಂಡೂರಿನ ಕೆಂಧೂಳು ನಿಮಗೆ ಗೊತ್ತಲ್ಲ, ಗಾಜಿನ ಮೇಲೆ ಕೂತಿರಬೇಕೆಂದು ಮೂರು ಸಲ ಒರೆಸಿದೆ. “ಧೂಳು ಭಾಳ ಐತ್ರಿ ಸಾರ್” ಎಂದೆ. ಮಕ್ಕಳಿಗೆ ನಿರಾಸೆಯಾಯಿತೆಂದು ನನಗೆ ನಿಜವಾಗಿಯೂ ಕೆಡುಕೆನಿಸಿತು.

ಮರುದಿನ ಶಾಲೆಯ ವರದಿಯ ಫೋಟೋ ನನ್ನ ಫೋನಿಗೆ ಬಂತು. ಅದರಲ್ಲಿ ಹೆಡ್‌ಮಾಸ್ತರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ‘ಒಟ್ಟು ಗ್ರಹಗಳು ಆರು. ಹಾಜರು ನಾಲ್ಕು. ಯುರೇನಸ್ ಮತ್ತು ನೆಪ್ಚೂನ್ ಯಾವುದೇ ಮುನ್ಸೂಚನೆ ಇಲ್ಲದೆ ಗೈರು. ಮುಂದಿನ ಸಲ ಹೀಗಾಗದಂತೆ ಸಂಪನ್ಮೂಲ ವ್ಯಕ್ತಿಗಳಿಗೆ ತಿಳಿಸಲಾಗಿದೆ.’

೬. ಶನಿ ಮತ್ತು ನುಚ್ಚಿನ ಕಾಳು

ಮಾವನವರನ್ನು ಆಪರೇಶನ್‌ಗೆ ಒಪ್ಪಿಸಲು ನಾನು ಹೂಡದ ಹೂಟವಿಲ್ಲ. ಕಡೆಗೆ ಕೆಲಸಕ್ಕೆ ಬಂದದ್ದು ಶನಿ. ಏಳೂವರೆ ವರ್ಷದ ಶನಿಕಾಟ ತಮ್ಮನ್ನು ಬಿಟ್ಟೇ ಇಲ್ಲ ಎಂಬುದು ಅವರ ಬಹಳ ದಿನದ ಕೊರಗು. ಮಿಲ್ಲಿನ ಬೆಲ್ಟು ಹರಿದರೂ ಶನಿ, ಅಕ್ಕಿಯ ಲೋಡು ವಾಪಸು ಬಂದರೂ ಶನಿ. ಒಂದು ದಿನ ಮಾತಿನ ನಡುವೆ, “ಶನಿಯನ್ನ ದುರ್ಬೀನಿನಾಗ ನೋಡಬಹುದು ಮಾವಾರೆ, ಸುತ್ತ ಉಂಗುರ ಇರ್ತೈತಿ, ಭಾಳ ಚಂದ” ಎಂದೆ.

ಅವರು ನೆಟ್ಟಗೆ ಕೂತರು. “ಖರೇನೇನು? ಇಷ್ಟು ವರ್ಷ ಆಂವ ನನ್ನ ನೋಡ್ಯಾನ. ಒಂದ್ ಸಲ ನಾನು ಆಂವನ್ನ ನೋಡಬೇಕು.”

“ಪೊರಿ ಇದ್ದ ಕಣ್ಣಿಗೆ ಉಂಗುರ ಕಾಣಂಗಿಲ್ರಿ.”

ಬಹಳ ಹೊತ್ತು ಯೋಚಿಸಿ ಒಂದು ಕರಾರು ಹಾಕಿದರು. ಮೊದಲು ಒಂದೇ ಕಣ್ಣಿನ ಆಪರೇಶನ್. ಆ ಕಣ್ಣಿಗೆ ಶನಿಯ ಉಂಗುರ ಕಂಡರೆ ಎರಡನೆಯ ಕಣ್ಣೂ ಮಾಡಿಸುತ್ತಾರೆ. ಕಾಣದಿದ್ದರೆ ಎರಡನೆಯದು ದೇವರು ಕೊಟ್ಟ ಹಾಗೇ ಇರಲಿ. ನಾನು ‘ಆತ್ರಿ’ ಎಂದುಬಿಟ್ಟೆ. ಶನಿಯ ಉಂಗುರ ವರ್ಷದಿಂದ ವರ್ಷಕ್ಕೆ ನಮ್ಮ ಕಡೆಗೆ ವಾರೆಯಾಗುತ್ತ ಬಂದಿದೆ, ಸ್ವಲ್ಪ ದಿನದಲ್ಲೇ ಅದರ ಅಂಚು ಮಾತ್ರ ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಹದಿನೈದು ದಿನದಲ್ಲಿ ಆಪರೇಶನ್ ಆಗಿಬಿಟ್ಟರೆ ಏನೂ ತೊಂದರೆ ಇರಲಿಲ್ಲ.

ಆದರೆ ಮಾವನವರಿಗೆ ಒಳ್ಳೆಯ ದಿನವೇ ಸಿಗಲಿಲ್ಲ. ಬೇಸಿಗೆಯಲ್ಲಿ ಬಿಸಿಲು, ಆಷಾಢದಲ್ಲಿ ಆಷಾಢ, ಶ್ರಾವಣದಲ್ಲಿ ಉಪವಾಸ, ಭಾದ್ರಪದದಲ್ಲಿ ಗಣಪತಿ. ಅಂತೂ ದಸರಾ ಹೊತ್ತಿಗೆ ಹೊಸಪೇಟೆಯಲ್ಲಿ ಒಂದು ಕಣ್ಣಿನ ಆಪರೇಶನ್ ಆಯಿತು. ಔಷಧದ ಹನಿ, ಕರಿ ಚಷ್ಮಾ ಎಲ್ಲ ಮುಗಿದು ಅವರು ಶನಿಯ ದರ್ಶನಕ್ಕೆ ಸಿದ್ಧರಾದಾಗ ನವೆಂಬರ್ ಬಂದಿತ್ತು. ಹೊಸ ಭತ್ತ ಮಿಲ್ಲಿನ ಅಂಗಳಕ್ಕೆ ಬರತೊಡಗಿತ್ತು. ಶನಿಯ ಉಂಗುರ ಪೂರ್ತಿ ಅಡ್ಡವಾಗಿತ್ತು. ಇದನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನೆ ದುರ್ಬೀನು ಹೊತ್ತು ಮಿಲ್ಲಿನ ಮಹಡಿ ಹತ್ತಿದೆ.

ಏಳು ಗಂಟೆ. ಮಾವನವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ ಬಂದರು. ಚಪ್ಪಲಿ ಮೆಟ್ಟಿಲ ಹತ್ತಿರವೇ ಬಿಟ್ಟರು. ಅತ್ತೆಯವರು ದೂರದಲ್ಲೇ ನಿಂತರು. “ನನ್ನ ರಾಶಿ ಬಿಟ್ಟು ಈಗಷ್ಟ ಹೋಗ್ಯಾನ. ನಾ ಯಾಕ ಮತ್ತ ಮಾರಿ ತೋರಿಸ್ಲಿ?” ಎಂದು ಸೆರಗು ಮುಖಕ್ಕೆ ಎಳೆದುಕೊಂಡರು.

ಮಾವನವರು ಬಗ್ಗಿ ನೋಡಿದರು. ಒಂದು ನಿಮಿಷ, ಎರಡು ನಿಮಿಷ.

“ಉಂಗುರ ಎಲ್ಲೈತಿ?”

ನಾನು ಕೈ ಚಾಚಿ ಫೋಕಸ್ ಒಂದಿಷ್ಟು ತಿರುಗಿಸಿಕೊಟ್ಟೆ.

“ಲಿಂಬಿಹಣ್ಣಿಗೆ ಕಸಬರಿಗಿ ಕಡ್ಡಿ ಚುಚ್ಚಿದಂಗ ಐತಿ. ಇದಕ್ಕ ಉಂಗುರ ಅಂತಾರೇನು ಅಳಿಯಂದ್ರೆ?” ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿದರು. “ನಾ ಹೇಳಿದ್ದಿಲ್ಲೇನು? ಆಪರೇಶನ್ ಬರಾಬರಿ ಆಗಿಲ್ಲ. ಎರಡನೇ ಕಣ್ಣು ಹಿಂಗ ಇರ್ಲಿ.”

ನಾನು ಭೂಮಿಯ ವಾರೆ, ಶನಿಯ ವಾರೆ, ಉಂಗುರದ ಅಂಚು ಎಂದು ತೊದಲತೊಡಗಿದೆ. ಅವರಿಗೆ ಅದೆಲ್ಲ ಸೋತ ವ್ಯಾಪಾರಿಯ ನೆಪದಂತೆ ಕೇಳಿಸಿರಬೇಕು. ಆಗ ಹೆಂಡತಿ ಕೆಳಗೆ ಹೋಗಿ ಅಕ್ಕಿ ಕೇರುವ ಮೊರ ತಂದಳು. ಅಪ್ಪನ ಎದುರು ಮೊರವನ್ನು ಓರೆಯಾಗಿ ಹಿಡಿದು, “ಅಪ್ಪಾ, ಕಾಣ್ತೈತಿ?” ಎಂದಳು. “ಕಾಣ್ತೈತಿ.” ಮೊರವನ್ನು ಅವರ ಕಣ್ಣಿನ ಮಟ್ಟಕ್ಕೆ ಎತ್ತಿ, ಅಂಚು ಅವರ ಕಡೆ ಬರುವಂತೆ ಅಡ್ಡ ಹಿಡಿದಳು. “ಈಗ?”

“ಬರೇ ಅಂಚು.”

“ಮೊರ ಎಲ್ಲರ ಹೋತೇನು?”

ಮಾವನವರು ನಲವತ್ತು ವರ್ಷ ಮೊರದ ಜೊತೆ ಬಾಳಿದವರು. ಸ್ವಲ್ಪ ಹೊತ್ತು ಮೊರವನ್ನೂ ಆಕಾಶವನ್ನೂ ನೋಡಿ, ಮತ್ತೆ ದುರ್ಬೀನಿಗೆ ಬಗ್ಗಿದರು. ಈ ಸಲ ಬಹಳ ಹೊತ್ತು ನೋಡಿದರು.

“ಅದು ಆತು. ಅದರ ಬಾಜೂಕ ಒಂದು ನುಚ್ಚಿನ ಕಾಳು ಐತಲ್ಲ, ಅದೇನು?”

“ಎಲ್ರಿ?” ಎಂದು ನಾನು ನೋಡಿದೆ. ಶನಿ ಕಂಡಿತು, ಕಡ್ಡಿಯೂ ಕಂಡಿತು. ಕಾಳು ಯಾವುದೂ ಇರಲಿಲ್ಲ. “ಗಾಜಿನ ಮ್ಯಾಲೆ ಧೂಳು ಕುಂತಿರಬೇಕ್ರಿ” ಎಂದು ಜೇಬಿನಿಂದ ಬಟ್ಟೆ ತೆಗೆದು ಒರೆಸಿದೆ.

ಮಾವನವರು ನೋಡಿದರು. “ಈಗೂ ಐತಿ.”

ಹೆಂಡತಿ ನೋಡಿದಳು. “ಹೌದ್ರಿ, ಐತಿ. ಎಷ್ಟು ಸಣ್ಣದು!”

ಅತ್ತೆಯವರಿಗೂ ತಡೆಯಲಾಗಲಿಲ್ಲ. ಸೆರಗಿನ ಸಂದಿಯಿಂದ ಒಂದೇ ಕಣ್ಣು ಹೊರಗೆ ಹಾಕಿ, ಶನಿಗೆ ಗುರುತು ಸಿಗದ ಹಾಗೆ ಒಂದು ಕ್ಷಣ ಬಗ್ಗಿ, “ಐತಲ್ಲ! ಅಳಿಯಂದ್ರಿಗೆ ಕಾಣವಲ್ದೇನು?” ಎಂದರು.

ಫೋನಿನಲ್ಲಿ ಆಕಾಶದ ನಕ್ಷೆ ತೆಗೆದು ನೋಡಿದೆ. ಶನಿಯ ಪಕ್ಕದಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಟೈಟನ್ ಎಂದು ಬರೆದಿತ್ತು. ಶನಿಯ ದೊಡ್ಡ ಚಂದ್ರ. ಹತ್ತು ವರ್ಷ ನಾನೇ ಎಷ್ಟೋ ಜನಕ್ಕೆ ತೋರಿಸಿದ ಚಂದ್ರ. ಮತ್ತೆ ಬಗ್ಗಿ ನೋಡಿದೆ. ಇಲ್ಲ. ಗದ್ದೆಯ ಹೊಗೆ ಇರಲಿಲ್ಲ, ಸಂಡೂರಿನ ಧೂಳು ಇರಲಿಲ್ಲ, ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು.

ಮಾವನವರು ನನ್ನ ಹತ್ತಿರ ಬಂದರು. ಗಲ್ಲ ಹಿಡಿದು ನನ್ನ ಮುಖವನ್ನು ಮಹಡಿಯ ದೀಪದ ಕಡೆ ತಿರುಗಿಸಿದರು. ಅಂಗೈಯ ಅಕ್ಕಿ ನೋಡುವ ಹಾಗೆಯೇ, ಹುಬ್ಬು ಗಂಟಿಕ್ಕಿ, ಹೊಸ ಕಣ್ಣಿನಿಂದ ನನ್ನ ಎರಡೂ ಕಣ್ಣುಗಳನ್ನು ನೋಡಿದರು. ತೀರ್ಪು ಬಂತು:

“ತೌಡು ಪೂರ್ತಿ ಹೋಗಿಲ್ಲ. ಪಾಲಿಶ್ ಆಗಬೇಕು.”

“ನಾ ಯುಗಾದಿಗೆ ಬೋರ್ಡ್ ಓದೇನಿ ಮಾವಾರೆ! ಕೊನೇ ಸಾಲು ತನಕ!” ಎಂದೆ.

ಹೆಂಡತಿ ‘ಹೂಂ’ ಎಂದಳು. ಇಷ್ಟು ವರ್ಷದ ಹೂಂಗಳಿಗೆ ಏನರ್ಥ ಎಂದು ಆಗ ಹೊಳೆಯಿತು. ದೀಪದ ಬುಡಕ್ಕೆ ಕತ್ತಲು ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಮಾವನವರು ಮಾತ್ರ ಆ ವರ್ಷದಲ್ಲೇ ಕಾಣದಷ್ಟು ಖುಷಿಯಲ್ಲಿದ್ದರು. “ಉಂಗುರ ಕಾಣದಿದ್ರೂ ಹೋಗ್ಲಿ. ಶನಿ ಬಾಜೂಕಿನ ನುಚ್ಚು ಹಿಡಿಯೋ ಕಣ್ಣಿಗೆ ಮಿಲ್ಲಿನ ನುಚ್ಚು ಯಾವ ಲೆಕ್ಕ? ಎರಡನೇ ಕಣ್ಣೂ ಮಾಡಸ್ತೀನಿ. ನೀವೂ ಬರ್ರಿ, ತೋರಿಸಿದಂಗ ಆಗ್ತೈತಿ.” ಮರುದಿನ ಬೆಳಿಗ್ಗೆ ಅವರು ಮಿಲ್ಲಿಗೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಅಕ್ಕಿ ಅಂಗೈಗೆ ಹಾಕಿಕೊಂಡು ನೋಡಿ ಯಂತ್ರ ನಿಲ್ಲಿಸಿದ್ದು. ಎರಡನೆಯದು, ಹೊಸ ಟ್ಯೂಬ್‌ಲೈಟ್ ನಾಲ್ಕನ್ನೂ ತೆಗೆಸಿದ್ದು.

ವಾರದ ನಂತರ ಹೊಸಪೇಟೆಯ ಕಣ್ಣಿನ ಆಸ್ಪತ್ರೆಗೆ ಹೋದೆವು. ಮಾವನವರು ಎರಡನೇ ಕಣ್ಣಿನ ಆಪರೇಶನ್‌ಗೆ, ನಾನು ಬರೀ ತಪಾಸಣೆಗೆ. ನಾನೇ ನೂರಾರು ಜನರನ್ನು ಕಳಿಸಿದ ಆಸ್ಪತ್ರೆ, ಅಲ್ಲಿಯವರಿಗೆಲ್ಲ ನನ್ನ ಗುರುತು. ಮಾವನವರ ಪಾಳಿಗೆ ಇನ್ನೂ ಹೊತ್ತಿತ್ತು, ನನ್ನ ಜೊತೆ ಒಳಗೆ ಬಂದು ಕೂತರು. ಕತ್ತಲೆಯ ಕೋಣೆ. ಎದುರಿನ ಗೋಡೆಯ ಮೇಲೆ ನನ್ನ ಅಂಗಡಿಯಲ್ಲಿರುವಂಥದೇ ಬೋರ್ಡು. ಪರೀಕ್ಷೆ ಮಾಡುವ ಹುಡುಗಿ ಒಂದು ಕಣ್ಣು ಮುಚ್ಚಿಸಿ, “ಕುಂದ್ರಿ ಸಾರ್, ಓದ್ರಿ ಅಂದಾಗ ಓದಬೇಕು” ಎಂದು ಬಾಗಿಲ ಕಡೆ ಹೋದಳು.

‘ಓದ್ರಿ’ ಎಂದಷ್ಟೇ ನನ್ನ ಕಿವಿಗೆ ಬಿತ್ತು. ಇಪ್ಪತ್ತೈದು ವರ್ಷದ ಕಸುಬಿನ ಮಾನ ಉಳಿಸಿಕೊಳ್ಳುವ ಹೊತ್ತು. ಬೆನ್ನು ನೆಟ್ಟಗೆ ಮಾಡಿ ಮೇಲಿನ ದೊಡ್ಡ ಅಕ್ಷರದಿಂದ ಶುರು ಮಾಡಿದೆ. ಎರಡನೇ ಸಾಲು, ಮೂರನೇ ಸಾಲು, ಎಲ್ಲೂ ತಡವರಿಸಲಿಲ್ಲ. ಕೊನೆಯ ಇರುವೆ ಸಾಲನ್ನೂ ಗಡಗಡನೆ ಓದಿ ಮುಗಿಸಿ, ಮಾವನವರ ಕಡೆ ತಿರುಗಿ ನಕ್ಕೆ.

ಬಾಗಿಲ ಹತ್ತಿರದ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಹುಡುಗಿ ನನ್ನ ಕಡೆ ತಿರುಗಿದಳು.

“ಸಾರ್,” ಎಂದಳು ಹುಡುಗಿ ಮೆಲ್ಲಗೆ, “ಬೋರ್ಡಿನ ಲೈಟ್ ನಾ ಇನ್ನೂ ಹಾಕಿಲ್ರಿ.”

ಮಾವನವರು ಎದ್ದು ನಿಂತು, ತಮ್ಮ ಪಾಳಿಯ ಚೀಟಿಯನ್ನು ಆ ಹುಡುಗಿಯ ಕೈಗಿಟ್ಟರು.

“ತಗೋ ತಂಗಿ, ನನ್ನ ಪಾಳಿ ಇವರಿಗೆ ಕೊಡು. ಇವರದು ಭಾಳ ಅರ್ಜೆಂಟ್ ಐತಿ.”